ಲೆಟಿಸ್ ತೊಟ್ಟಿಯಲ್ಲಿ ಹವಳ

ಮಹಾಬಲನ ಸಂಕಟಕ್ಕೆ ಮೂಲವಾದದ್ದು ಗೇಣಿಗೂ ಕಡಿಮೆ ಆಳದ ಒಂದು ಪ್ಲಾಸ್ಟಿಕ್ ತೊಟ್ಟಿ.

ಕೊಲ್ಲಿ ದೇಶದ ಮೀನಾ ಸಲ್ಮಾನ್ ಬಂದರಿನ ಗೋದಾಮೊಂದರಲ್ಲಿ ಯಾರೋ ಉತ್ಸಾಹಿಯೊಬ್ಬ ಮಣ್ಣಿನ ಹಂಗಿಲ್ಲದೆ ಬರಿಯ ನೀರಿನಲ್ಲೇ ಲೆಟಿಸ್ ಸೊಪ್ಪು ಬೆಳೆದು ಶ್ರೀಮಂತನಾಗುವೆನೆಂದು ಹೊರಟಿದ್ದ. ಸೊಪ್ಪಿಗಿಂತ ಮೊದಲು ತಾನೇ ಬಾಡಿ, ಸಾಮಾನನ್ನೆಲ್ಲ ಅಲ್ಲಿಯೇ ಬಿಟ್ಟು ಊರಿಗೆ ಹೋದ. ಅಗಲವಾದ ತೊಟ್ಟಿ, ಅದರ ಕಬ್ಬಿಣದ ಸ್ಟ್ಯಾಂಡು, ಕೆಳಗಿಡುವ ನೀರಿನ ಟಬ್ಬು, ನೀರೆತ್ತುವ ಪಂಪು, ಸರಪಳಿಯಲ್ಲಿ ತೂಗುವ ನೇರಳೆ ದೀಪ, ಪಂಪು ದೀಪಗಳೆರಡನ್ನೂ ಹೊತ್ತು ನೋಡಿ ಆರಿಸಿ ಹೊತ್ತಿಸುವ ಟೈಮರು, ಇವಿಷ್ಟೂ ಧೂಳು ತಿನ್ನುತ್ತ ಬಿದ್ದಿದ್ದವು. ಗೋದಾಮು ತೆರವು ಮಾಡಿಸುವ ಕೆಲಸಕ್ಕೆ ಹಿದ್ದ್ ಪಟ್ಟಣದ ಕಚೇರಿಯಿಂದ ಹೋಗಿದ್ದವನು ನಮ್ಮ ಮಹಾಬಲ. "ಬೇಕಿದ್ದರೆ ಕೊಂಡುಹೋಗಿ, ಜಾಗ ಖಾಲಿಯಾದರೆ ಸಾಕು" ಎಂದರು. ಆತ ಕೊಂಡುಹೋದ.

ಬೇರೆಯವರಾಗಿದ್ದರೆ ಹರಿವೆಯನ್ನೋ ಬಸಳೆಯನ್ನೋ ಬೆಳೆಯುತ್ತಿದ್ದರು. ಮಹಾಬಲನಿಗೆ ಮಾತ್ರ ಬಹುಕಾಲದಿಂದ ಹವಳದ ಹಂಬಲ. ಮಿಸುಕುವ, ಉಸಿರಾಡುವ, ಬೆಳಕು ಕಂಡರೆ ಅರಳುವ ಜೀವಂತ ಹವಳ. ಅಂಗಡಿಯಲ್ಲಿ ಅದಕ್ಕೆ ಬೇಕಾದ ಟ್ಯಾಂಕಿನ ಬೆಲೆ ಕೇಳಿದ ದಿನ ಆತ ಹಲ್ಲು ಕೀಳಿಸಿಕೊಂಡವನಂತೆ ದವಡೆ ಹಿಡಿದುಕೊಂಡೇ ಮನೆಗೆ ಬಂದಿದ್ದ. ಈಗ ದೈವವೇ ತೊಟ್ಟಿಯನ್ನು ದಯಪಾಲಿಸಿತ್ತು. ಸೊಪ್ಪಿಗೆ ಸಾಕಾಗುವ ದೀಪ ಹವಳಕ್ಕೂ ಸಾಕು, ಸಿಹಿನೀರೆತ್ತುವ ಪಂಪು ಉಪ್ಪುನೀರನ್ನೂ ಎತ್ತೀತು ಎಂದು ತರ್ಕಿಸಿ, ಶುದ್ಧನೀರಿಗೆ ಕಡಲುಪ್ಪು ಕದಡಿ, ಬುಸೈತೀನಿನ ತನ್ನ ಫ್ಲ್ಯಾಟಿನ ಹಜಾರದ ನಟ್ಟನಡುವೆ ಸಮುದ್ರವೊಂದನ್ನು ಸ್ಥಾಪಿಸಿದ. ಟಬ್ಬಿನಿಂದ ಪಂಪು ನೀರನ್ನು ಮೇಲೆತ್ತುತ್ತಿತ್ತು. ತೊಟ್ಟಿಯ ಮೂಲೆಯಲ್ಲಿ ನಿಲ್ಲಿಸಿದ ಒಂದು ಕೊಳವೆಯ ಬಾಯಿಂದ ಹೆಚ್ಚಾದ ನೀರು ಮರಳಿ ಟಬ್ಬಿಗಿಳಿಯುತ್ತಿತ್ತು. ಸಹೋದ್ಯೋಗಿ ಡಿಕ್ಸನ್ ತನ್ನ ಟ್ಯಾಂಕಿನಿಂದ ಹನ್ನೆರಡು ಹವಳದ ತುಂಡುಗಳನ್ನು ಕತ್ತರಿಸಿ ಕೊಟ್ಟ. ಎಂಟು ತಿಂಗಳಲ್ಲಿ ಅವು ಚಿಗಿತು, ಹಸುರು ಜಾತಿಯದೊಂದು ತೊಟ್ಟಿಯ ತಳಕ್ಕೆಲ್ಲ ಗರಿಕೆಯಂತೆ ಹಬ್ಬಿ ಅಂಟಿಕೊಂಡಿತು. ಬೆಳಗ್ಗೆ ಸ್ನಾನ, ದೇವರ ದೀಪ ಮುಗಿಸಿ ಬಂದ ಮಹಾಬಲ ತೊಟ್ಟಿಯ ಮುಂದೆ ನಿಂತಾಗ ಕೈಗಳು ಅವನಿಗೆ ತಿಳಿಯದೆಯೇ ಜೋಡಿಯಾಗುತ್ತಿದ್ದವು.

ಹೀಗಿರುವಲ್ಲಿ ಆ ಶುಕ್ರವಾರ ಬಂತು.

ಅಂದು ಸಂಜೆ ನಾಲ್ಕಕ್ಕೆ ಅವನ ಒಬ್ಬಳೇ ಮಗಳು ಅನಿಷಾಳನ್ನು ನೋಡಲು ಹುಡುಗನ ಕಡೆಯವರು ಬರುವವರಿದ್ದರು. ನೋಡುವುದೆಂದರೆ ಶಾಸ್ತ್ರಕ್ಕೆ. ಹುಡುಗ ವಿಖ್ಯಾತನೂ ಅನಿಷಾಳೂ ಕನ್ನಡ ಬಳಗದ ನಾಟಕದಲ್ಲಿ ಒಟ್ಟಿಗೆ ಪಾತ್ರ ಮಾಡಿ, ನಾಟಕ ಮುಗಿದ ಮೇಲೂ ಮಾತು ಮುಂದುವರಿಸಿದ್ದವರು. ಉಳಿದದ್ದು ಹುಡುಗನ ತಾಯಿ ಜಲಜಾಕ್ಷಮ್ಮನವರ ಒಪ್ಪಿಗೆಯೊಂದೇ. ಆ ಒಂದು ಮಾತಿನ ಮೇಲೆ ಮಗಳ ಬಾಳು ನಿಂತಿದೆಯೆಂದು ಮಹಾಬಲನ ಹೆಂಡತಿ ಉಷಾಲತಾ ವಾರದಿಂದ ಸೋಮವಾರವನ್ನೂ ಶನಿವಾರವನ್ನೂ ಉಪವಾಸದಲ್ಲೇ ಕಳೆದಿದ್ದಳು.

ಮಧ್ಯಾಹ್ನ ಎರಡೂವರೆಗೆ ಕೆಳಮನೆಯ ವಾಯೊಲೆಟ್ ಗೋಳಿಬಜೆಗೆ ಹಿಟ್ಟು ಕಲಸಿಕೊಡಲು ಬಂದಳು. ಎರಡೂ ಮನೆಯವರ ನಡುವೆ ಮಾತುಕತೆ ನಡೆಸಿದವಳೂ ಅವಳೇ. ಆಸ್ಪತ್ರೆಯ ನರ್ಸು. ಹಿಟ್ಟು ಕಲಸುತ್ತಿದ್ದವಳು ಹಜಾರದಲ್ಲಿ ನೇರಳೆ ಬೆಳಕು ಕಂಡು ಇಣುಕಿದಳು.

"ಇದೆಂತದ್ದು ಮಹಾಬಲಣ್ಣ? ಸೊಪ್ಪು ಮಾಡ್ತಾರೆ ಅಂತ ನಮ್ಮ ಹರ್ಬರ್ಟ್ ಹೇಳಿದ್ರು. ಸೊಪ್ಪು ಎಲ್ಲಿ ಉಂಟು?"

"ಸೊಪ್ಪಲ್ಲ ವಾಯೊಲೆಟ್ ಬಾಯಿ, ಹವಳ!" ಮಹಾಬಲ ಚೊಚ್ಚಲ ಮಗುವನ್ನು ತೋರಿಸುವವನಂತೆ ಹಿಗ್ಗಿದ. "ನೋಡಿ, ನೋಡಿ, ಹೇಗೆ ಅರಳಿದೆ!"

ವಾಯೊಲೆಟಳ ಹಿಟ್ಟಿನ ಕೈ ಗಾಳಿಯಲ್ಲೇ ನಿಂತಿತು.

"ಹವಳವಾ? ಓ ದೇವಾ! ಉಷಾಲತಾ, ಇಲ್ಲಿ ಬನ್ನಿ! ಇವತ್ತು ಬರುವವರು ಯಾರು ಅಂತ ಇವರಿಗೆ ನೆನಪುಂಟಾ? ಜಲಜಾಕ್ಷಕ್ಕ! ಕುಜನ ವಿಷಯದಲ್ಲಿ ಎರಡು ಹುಡುಗಿಯರ ಜಾತಕ ವಾಪಸು ಕಳಿಸಿದವರು!"

"ನಮ್ಮ ಅನಿಷಾಗೆ ಕುಜದೋಷ ಇಲ್ವಲ್ಲ" ಎಂದಳು ಉಷಾಲತಾ.

"ಇಲ್ಲ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಆದರೆ ಹವಳ ಹಾಕುವವರು ಯಾರು ಹೇಳಿ? ಬೆರಳಲ್ಲಿ ಒಂದು ಕಾಳು ಕಂಡರೇ, ಓ ಈ ಹುಡುಗಿಗೆ ಕುಜ ಉಂಟು ಅಂತಾರೆ. ಇವರು ತೊಟ್ಟಿ ತುಂಬ ಬೆಳೆಸಿ ಇಟ್ಟಿದ್ದಾರೆ! ಮದುವೆಗೆ ಬಂದ ಹುಡುಗಿ ಇರುವ ಮನೆಯಲ್ಲಿ! ಉಂಗುರದಲ್ಲಿ ಹೋಗುವ ದೋಷ ಅಲ್ಲ ಇದು, ಕೃಷಿಯೇ ಮಾಡಬೇಕಾಗಿದೆ ಅಂತ ಜಲಜಾಕ್ಷಕ್ಕ ಹೇಳದಿದ್ದರೆ ಕೇಳಿ."

"ಅಲ್ಲ ಬಾಯಿ," ಎಂದ ಮಹಾಬಲ ಕಂಗಾಲಾಗಿ, "ನೀವು ಇಗರ್ಜಿಗೆ ಹೋಗುವವರು. ಕುಜನ ಸಂಗತಿ ನಿಮಗೆ ಹೇಗೆ?"

"ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಇದ್ದೇನೆ. ಮಗು ಹುಟ್ಟಿದ ಕೂಡಲೇ ನಿಮ್ಮವರು ಕೇಳುವುದು ತಾಯಿ ಹೇಗಿದ್ದಾಳೆ ಅಂತ ಅಲ್ಲ, ಗಂಟೆ ಎಷ್ಟು, ನಿಮಿಷ ಎಷ್ಟು ಅಂತ. ಕುಜನನ್ನು ನಾನು ನೋಡಿದಷ್ಟು ನೀವು ನೋಡಲಿಲ್ಲ!"

ಉಷಾಲತಾಳ ಮುಖ ಅಗ್ನಿಕುಂಡವಾಯಿತು. "ಚೆಲ್ಲಿ. ಈಗಲೇ ಬಚ್ಚಲಿಗೆ ಚೆಲ್ಲಿ."

"ಚೆಲ್ಲಿದರೆ ಸಾಯ್ತವೆ ಮಾರಾಯ್ತಿ! ಜೀವ ಉಂಟು ಅವಕ್ಕೆ."

"ನನ್ನ ಮಗಳಿಗೆ ಜೀವ ಇಲ್ವಾ?"

ಅನಿಷಾ ಅರ್ಧ ಉಟ್ಟ ಸೀರೆಯ ನೆರಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಅಪ್ಪಾ, ಪ್ಲೀಸ್. ಒಂದು ಬಕೆಟಿಗಾದ್ರೂ ಹಾಕಿ ಇಡಿ."

ಬಕೆಟಿಗೆ ಹಾಕಬೇಕಾದರೆ ತಳಕ್ಕಂಟಿದ್ದನ್ನು ಸಿಗಿದೇ ತೆಗೆಯಬೇಕು. ತೊಟ್ಟಿಯನ್ನೇ ಸರಿಸೋಣವೆಂದರೆ ಅದು ಕೋಣೆಯ ಬಾಗಿಲಿಗಿಂತ ಅಗಲ. ಮಗಳ ಕಣ್ಣಂಚಿನ ನೀರು, ತೊಟ್ಟಿಯೊಳಗಿನ ನೀರು ಎರಡನ್ನೂ ನೋಡಿ ಮಹಾಬಲ ಧರ್ಮಸಂಕಟದಲ್ಲಿ ತೊಳಲಿದ. ಆಗ ವಾಯೊಲೆಟ್ ಫೋನೆತ್ತಿ ಗಂಡನನ್ನು ಕರೆದಳು.

ಹರ್ಬರ್ಟ್ ಪರಿಹಾರಗಳ ಭಂಡಾರ. ಅವನು ಸೂಚಿಸುವ ಪ್ರತಿಯೊಂದು ಪರಿಹಾರವೂ ಮುಂದಿನ ಸಮಸ್ಯೆಯನ್ನು ಗರ್ಭದಲ್ಲಿ ಧರಿಸಿಯೇ ಬರುತ್ತಿತ್ತು. ತೊಟ್ಟಿಗೆ ಎರಡು ಸುತ್ತು ಬಂದು, ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟ: "ಟೇಬಲ್ ಮಾಡುವ."

"ಎಂತದು?"

"ಮೇಲೊಂದು ಹಲಗೆ, ಹಲಗೆ ಮೇಲೆ ಬಟ್ಟೆ, ಬಟ್ಟೆ ಮೇಲೆ ಗೋಳಿಬಜೆ. ಸುತ್ತ ಕುರ್ಚಿ. ಯಾರಿಗೆ ಗೊತ್ತಾಗ್ತದೆ ಮಾರಾಯ್ರೆ?"

ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವ ಹಲಗೆಯನ್ನು ಹೊತ್ತು ತಂದ. ಅದು ತೊಟ್ಟಿಗಿಂತ ಎರಡು ಬೆರಳು ಗಿಡ್ಡ. ಅಂಚಿನ ಮೇಲೆ ಕೂರದೆ ಒಳಗೇ ಇಳಿಯಿತು. ಹರ್ಬರ್ಟ್ ಎದೆಗುಂದಲಿಲ್ಲ. ಅಡುಗೆಮನೆಯಿಂದ ನಾಲ್ಕು ಸ್ಟೀಲ್ ಡಬ್ಬಿ ತರಿಸಿ ಹವಳವಿಲ್ಲದ ಮೂಲೆಗಳಲ್ಲಿ ನೀರೊಳಗೆ ನಿಲ್ಲಿಸಿ, ಅವುಗಳ ತಲೆಯ ಮೇಲೆ ಹಲಗೆಯನ್ನು ಮಲಗಿಸಿದ. ಉಷಾಲತಾ ಜರಿಯಂಚಿನ ದೊಡ್ಡ ಬಟ್ಟೆಯನ್ನು ನೆಲ ಮುಟ್ಟುವಂತೆ ಹೊದಿಸಿ, ಸುಕ್ಕುಗಳನ್ನು ಅಂಚಿನ ಸಂದಿಗೆ ತುರುಕಿದಳು. ತೂಗುವ ದೀಪವನ್ನು ಬಿಚ್ಚಲಾಗದೆ ಅದಕ್ಕೆ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ ಸುತ್ತಿದರು.

ಪಂಪು ಮಾತ್ರ ಹುಕ್ಕಾ ಸೇದುವ ಮುದುಕನಂತೆ ಗುಳುಗುಳು ಎನ್ನುತ್ತಲೇ ಇತ್ತು.

"ಬಂದ್ ಮಾಡಿ ಅದನ್ನು" ಎಂದಳು ಉಷಾಲತಾ.

"ಪೂರ್ತಿ ಬಂದ್ ಮಾಡಿ, ಗಡಿಬಿಡಿಯಲ್ಲಿ ಹಾಕಲಿಕ್ಕೆ ಮರೆತರೆ?" ಮಹಾಬಲ ಅಂಗಲಾಚಿದ.

"ಟೈಮರಿಗೆ ಹಾಕಿ" ಎಂದ ಹರ್ಬರ್ಟ್. "ಒಂದು ಗಂಟೆ ದೀಪ, ಪಂಪು ಎರಡೂ ಸುಮ್ಮನಿರ್ತವೆ. ಮತ್ತೆ ತಾನಾಗಿ ಶುರುವಾಗ್ತದೆ. ನಾಲ್ಕಕ್ಕೆ ಬಂದವರು ಚಾ ಕುಡಿದು ಹೋಗಲಿಕ್ಕೆ ಅಷ್ಟು ಸಾಕು."

ಮೂರೂ ಐವತ್ತಕ್ಕೆ ಟೈಮರು ತಿರುಗಿಸಿದರು. ದೀಪ ಆರಿತು, ಪಂಪು ಮೌನ ಧರಿಸಿತು, ಸಮುದ್ರವು ಜರಿಬಟ್ಟೆಯ ಕೆಳಗೆ ಯೋಗನಿದ್ರೆಗೆ ಜಾರಿತು.

ನಾಲ್ಕಾಯಿತು. ನಾಲ್ಕೂಕಾಲಾಯಿತು. "ಸೇತುವೆಯ ಮೇಲೆ ಸಾವಿನ ಟ್ರಾಫಿಕ್" ಎಂದು ವಿಖ್ಯಾತನ ಸಂದೇಶ ಬಂತು. ಮಹಾಬಲ ಗಡಿಯಾರ ನೋಡಿದ. ಟೈಮರು ಮುಟ್ಟೋಣವೆಂದರೆ ಅದು ಬಟ್ಟೆಯ ಒಳಗೆ, ಸ್ಟ್ಯಾಂಡಿನ ಹಿಂದೆ. ಬಗ್ಗಿ ಕೈ ಹಾಕುವಷ್ಟರಲ್ಲಿ ಕರೆಗಂಟೆ ಬಡಿಯಿತು. ಗಂಟೆ ನಾಲ್ಕೂವರೆ.

ಮುಂದೆ ಜಲಜಾಕ್ಷಮ್ಮ. ತೇರು ಬೀದಿಗಿಳಿದಂಥ ಗಂಭೀರ ನಡಿಗೆ, ಹೊಸ ರೇಷ್ಮೆಸೀರೆ. ಹಿಂದೆ ಅವರ ಯಜಮಾನರು ಚಂದ್ರಪ್ಪನವರು. ಹೆಂಡತಿ ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಮಾತ್ರ ಮಾತಾಡಿ ಅಭ್ಯಾಸವಾದವರು. ಕಡೆಗೆ, ಶೂ ಬಿಚ್ಚುತ್ತ ಅನಿಷಾಳಿಗಾಗಿ ಕಣ್ಣಾಡಿಸುತ್ತಿದ್ದ ವಿಖ್ಯಾತ. ಎಲ್ಲರೂ ಮೇಜಲ್ಲದ ಮೇಜಿನ ಸುತ್ತ ಕುಳಿತರು.

"ಎಂತದೋ ಕಡಲಿನ ವಾಸನೆ" ಎಂದರು ಜಲಜಾಕ್ಷಮ್ಮ ಮೂಗರಳಿಸಿ.

"ಕಡಲು ಇಲ್ಲೇ ಹಿಂದೆ ಅಲ್ವಾ ಅಕ್ಕ" ಎಂದ ಹರ್ಬರ್ಟ್ ಕ್ಷಣವೂ ತಡೆಯದೆ.

"ಕಿಟಕಿ ಮುಚ್ಚಿ ಉಂಟಲ್ಲ?"

"ವಾಸನೆ ಹೊರಗೆ ಹೋಗಬಾರದು ಅಂತ ಮುಚ್ಚಿದ್ದು" ಎಂದುಬಿಟ್ಟು ಹರ್ಬರ್ಟ್ ಹೆಂಡತಿಯ ಕಣ್ಣು ತಪ್ಪಿಸಿದ.

"ಗೋಳಿಬಜೆ ತಕ್ಕೊಳ್ಳಿ, ಬಿಸಿ ಉಂಟು" ಎಂದು ವಾಯೊಲೆಟ್ ತಟ್ಟೆಯನ್ನು ನಡುವೆ ಸರಿಸಿದಳು. ಹಲಗೆ ತುಸು ವಾಲಿ, ಮತ್ತೆ ನೆಟ್ಟಗಾಯಿತು. ಮಹಾಬಲನ ಹೃದಯವೂ ಹಾಗೆಯೇ ಮಾಡಿತು.

ಅನಿಷಾ ಚಹಾ ತಂದಳು. ವಿಖ್ಯಾತ ಸಕ್ಕರೆ ಹಾಕಿದ ಚಹಾಕ್ಕೆ ಇನ್ನೊಮ್ಮೆ ಸಕ್ಕರೆ ಹಾಕಿಕೊಂಡ. ಎಲ್ಲವೂ ಸುಗಮವಾಗಿತ್ತು, ಜಲಜಾಕ್ಷಮ್ಮನವರ ಮುಖವೊಂದನ್ನು ಬಿಟ್ಟು. ಅದರಲ್ಲಿ ಏಕೋ ಕಳೆ ಇರಲಿಲ್ಲ.

"ಜಾತಕ ನಮ್ಮ ಜೋಯಿಸರಿಗೆ ತೋರಿಸಿದೆವು" ಎಂದರು ಕೊನೆಗೆ. "ಹುಡುಗಿಗೆ ಕುಜದೋಷ ಇಲ್ಲವಂತೆ?"

"ಎಳ್ಳಷ್ಟೂ ಇಲ್ಲ ಅಕ್ಕ!" ಉಷಾಲತಾಳ ಧ್ವನಿಯಲ್ಲಿ ಜಯಘೋಷವಿತ್ತು. "ಅಪ್ಪಟ ಶುದ್ಧ ಜಾತಕ."

ಜಲಜಾಕ್ಷಮ್ಮ ಗಂಡನ ಮುಖ ನೋಡಿದರು. ಗಂಡ ಗೋಳಿಬಜೆಯ ಮುಖ ನೋಡಿದರು. ವಿಖ್ಯಾತ ತಲೆ ತಗ್ಗಿಸಿದ.

"ಹಾಗಾದರೆ…" ಜಲಜಾಕ್ಷಮ್ಮ ನಿಟ್ಟುಸಿರಿಟ್ಟರು. "ನಾವು ಒಂದು ವಿಷಯ ಎದುರಿಗೇ ಹೇಳುವುದು ಮರ್ಯಾದೆ ಅಂತ ಬಂದೆವು. ಬೇಸರ ಮಾಡಬಾರದು…"

ಟಿಕ್ ಎಂದಿತು ಬಟ್ಟೆಯ ಒಳಗೆ. ಗಂಟೆ ನಾಲ್ಕೂ ಐವತ್ತು.

ಚೆಂಡುಹೂವಿನ ನಡುವಿಂದ ನೇರಳೆ ಬೆಳಕು ಧುಮ್ಮಿಕ್ಕಿತು. ಜಲಜಾಕ್ಷಮ್ಮನವರ ಮುಖ, ಮೂಗುತಿ, ಎತ್ತಿದ ಬೆರಳು ಎಲ್ಲವೂ ಬದನೆಯ ಬಣ್ಣಕ್ಕೆ ತಿರುಗಿದವು. ಕೆಳಗೆ ಪಂಪು ಹಸಿದೆದ್ದ ಹುಲಿಯಂತೆ ಗುಡುಗಿತು. ಉಷಾಲತಾ ಸಂದಿಗೆ ತುರುಕಿದ್ದ ಬಟ್ಟೆಯ ಸುಕ್ಕು ನೀರಿಳಿಯುವ ಕೊಳವೆಯ ಬಾಯಿಗೇ ಬಿರಡೆಯಾಗಿ ಕುಳಿತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ಮೇಲೇರಿದ ನೀರಿಗೆ ಇಳಿಯುವ ದಾರಿಯಿಲ್ಲ. ತೊಟ್ಟಿ ತುಂಬಿತು, ಹಲಗೆ ಡಬ್ಬಿಗಳನ್ನು ತೊರೆದು ಮೆಲ್ಲನೆ ಮೇಲೆದ್ದಿತು. ಪ್ರಳಯಜಲದ ಮೇಲೆ ಆಲದೆಲೆ ತೇಲಿದಂತೆ ಗೋಳಿಬಜೆಯ ತಟ್ಟೆ ಎಲ್ಲರ ಕಣ್ಣೆದುರು ಒಂದು ಪ್ರದಕ್ಷಿಣೆ ಬಂದು, ಅತಿಥಿಗಳಲ್ಲಿ ಹಿರಿಯರನ್ನು ಗುರುತಿಸಿ, ಬೊಗಸೆ ಬೊಗಸೆ ಉಪ್ಪುನೀರಿನ ಸಮೇತ ಜಲಜಾಕ್ಷಮ್ಮನವರ ಮಡಿಲಿಗೆ ಇಳಿಯಿತು.

"ಅಯ್ಯಯ್ಯೋ! ಟೇಬಲ್ಲಿಗೆ ಎಂತ ಆಯ್ತು?" ಎಂದು ಚಂದ್ರಪ್ಪನವರು ಚಹಾದ ಲೋಟ ಹಿಡಿದು ಕುರ್ಚಿಯ ಮೇಲೆ ಹತ್ತಿದರು.

"ಏನಿಲ್ಲ, ಏನಿಲ್ಲ!" ಎನ್ನುತ್ತ ಹರ್ಬರ್ಟ್ ಹಲಗೆಯನ್ನು ಎರಡೂ ಕೈಯಲ್ಲಿ ಒತ್ತಿದ. ಒಂದು ಕಡೆ ಒತ್ತಿದರೆ ಅದು ಇನ್ನೊಂದು ಕಡೆ ಎದ್ದಿತು. ಶೀರಾದ ಬಟ್ಟಲು ವಿಖ್ಯಾತನತ್ತ ಹಾಯಿತು. ಮಹಾಬಲ ಬಟ್ಟೆಯನ್ನು ಹಿಡಿದು ಜಗ್ಗಿದ. ಬಿರಡೆ ಕಿತ್ತು ನೀರು ಗಳಗಳನೆ ಇಳಿಯಿತು. ಬಟ್ಟೆ, ಹಲಗೆ, ಮಾನ ಮೂರೂ ಒಟ್ಟಿಗೆ ನೆಲಕ್ಕೆ ಬಿದ್ದವು. ತೊಟ್ಟಿ ಬಟಾಬಯಲಾಯಿತು. ಹಸುರು, ಕಿತ್ತಳೆ, ಕೆಂಪು ಹವಳಗಳು ಆ ಬೆಳಕಿನಲ್ಲಿ ಕೆಂಡದ ಹಾಗೆ ಹೊಳೆದವು.

"ಇದೆಂತದು?" ಎಂದರು ಜಲಜಾಕ್ಷಮ್ಮ.

ಹರ್ಬರ್ಟ್ ಬಾಯಿ ತೆರೆದ. ವಾಯೊಲೆಟ್ ಅವನ ಕಾಲು ತುಳಿದಳು. ಸುಳ್ಳು ಹೇಳಲು ಮಹಾಬಲನಿಗೆ ಸಮಯವೂ ಇರಲಿಲ್ಲ, ಸಂಸ್ಕಾರವೂ ಇರಲಿಲ್ಲ.

"ಹವಳ" ಎಂದ.

"ಹವಳ! ಮನೆಯಲ್ಲೇ ಬೆಳೆಸುವುದಾ? ಎಷ್ಟು ಸಮಯದಿಂದ?"

"ಎಂಟು ತಿಂಗಳಾಯ್ತು."

"ಎಂಟು ತಿಂಗಳು! ತೊಟ್ಟಿ ತುಂಬ! ಗಂಡು ಹುಡುಕುವ ಮೊದಲೇ!" ಅವರ ದೃಷ್ಟಿ ಹವಳದಿಂದ ಅನಿಷಾಳಿಗೆ, ಅನಿಷಾಳಿಂದ ಹವಳಕ್ಕೆ ಹೋಗಿ ಬಂತು. "ಹಾಗಾದರೆ ಹುಡುಗಿಯ ದೋಷ ಎಂಥದ್ದಿರಬೇಕು!"

ವಾಯೊಲೆಟ್ ಶಿಲುಬೆಯ ಗುರುತು ಹಾಕಿಕೊಂಡಳು. ಅನಿಷಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಗಿಯಿತು ಎಂದುಕೊಂಡ ಮಹಾಬಲ. ಎಂಟು ತಿಂಗಳ ವಾತ್ಸಲ್ಯಕ್ಕೆ ಮಗಳ ಬಾಳೇ ಬಲಿಯಾಯಿತು.

ಜಲಜಾಕ್ಷಮ್ಮ ಎದ್ದರು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀದಾ ಉಷಾಲತಾಳ ಬಳಿಗೆ ನಡೆದು, ಅವಳ ಎರಡೂ ಭುಜ ಹಿಡಿದು ಬಿಕ್ಕಳಿಸತೊಡಗಿದರು.

"ನೀವೂ ಮುಚ್ಚಿಟ್ಟಿರಾ ತಂಗಿ? ನಾವೂ ಮುಚ್ಚಿಟ್ಟೆವು!"

ಯಾರಿಗೂ ಅರ್ಥವಾಗಲಿಲ್ಲ.

"ನಮ್ಮ ವಿಖ್ಯಾತನಿಗೆ ಎಂಟನೇ ಮನೆಯಲ್ಲಿ ಕುಜ" ಎಂದರು ಕಣ್ಣೊರೆಸಿಕೊಳ್ಳುತ್ತ. "ದೋಷ ಇಲ್ಲದ ಹುಡುಗಿಯನ್ನು ತಂದರೆ ಅವಳ ಜೀವಕ್ಕೆ ಕೇಡು ಅಂತ ಜೋಯಿಸರು ಹೆದರಿಸಿದ್ದಾರೆ. ಇಬ್ಬರಿಗೂ ಇದ್ದರೆ ದೋಷಸಾಮ್ಯ, ಒಂದನ್ನೊಂದು ತಿಂದುಹಾಕ್ತದಂತೆ. ಎರಡು ಹುಡುಗಿಯರ ಜಾತಕ ವಾಪಸು ಕಳಿಸಿದ್ದು ಅವರಿಗೆ ದೋಷ ಇಲ್ಲ ಅಂತ! ಇದೂ ಶುದ್ಧ ಜಾತಕ ಅಂತ ಗೊತ್ತಾಗಿ, ಪರರ ಮಗಳ ಪಾಪ ನಮಗೆ ಬೇಡ, ಎದುರಿಗೇ ಬೇಡ ಅಂತ ಹೇಳಿ ಹೋಗುವ ಅಂತಲೇ ಬಂದದ್ದು. ದೇವರು ದೊಡ್ಡವ!"



ಮಹಾಬಲ ಸತ್ಯವಂತ. ಎದೆ ಗಟ್ಟಿ ಮಾಡಿಕೊಂಡ. "ಅಕ್ಕ, ತಪ್ಪು ತಿಳಿಯಬೇಡಿ. ನನ್ನ ಮಗಳಿಗೆ ನಿಜವಾಗಿ ದೋಷ ಇಲ್ಲ."

"ಹೆತ್ತವರೆಲ್ಲ ಹೇಳುವುದು ಅದೇ" ಎಂದರು ಜಲಜಾಕ್ಷಮ್ಮ ಕರುಣೆಯಿಂದ. "ನಾನೂ ಹಾಗೆಯೇ ಹೇಳಿಕೊಂಡು ಬಂದವಳು."

"ಇದು ಬರೀ ಹವ್ಯಾಸ ಅಕ್ಕ. ಚಂದಕ್ಕೆ ಬೆಳೆಸಿದ್ದು."

"ಚಂದಕ್ಕೆ ಯಾರಾದರೂ ಹಜಾರದಲ್ಲಿ ಕಡಲು ಕಟ್ಟುತ್ತಾರಾ?"

"ಜಾತಕ ಅಸಲಿ!"

"ನಮ್ಮದೂ ಅಸಲಿಯೇ" ಎಂದರು ಚಂದ್ರಪ್ಪನವರು ಕುರ್ಚಿಯ ಮೇಲಿಂದ. "ಎರಡು ಸಲ ಬರೆಸಿದ್ದು."

ನಾಲ್ಕನೆಯ ಸಲ ಬಾಯಿ ತೆರೆದವನ ತೋಳನ್ನು ಅನಿಷಾ ಹಿಡಿದಳು. "ಅಪ್ಪಾ, ಮೂರು ಸಲ ನಿಜ ಹೇಳಿ ಆಯ್ತು. ಸಾಕು."

ಸಾಕೇ ಆಗಿತ್ತು. ನುಡಿಯಬೇಕಾದ ಸತ್ಯವನ್ನು ನುಡಿದದ್ದಾಗಿತ್ತು, ನಂಬದವರ ಹೊಣೆ ಅವನದಲ್ಲ. ವಿಖ್ಯಾತ ನಗುತ್ತಿದ್ದ, ಅನಿಷಾ ನಗುತ್ತ ಅಳುತ್ತಿದ್ದಳು. ಮಹಾಬಲನಿಗೆ ತಲೆಯ ಮೇಲಿನ ಹೊರೆಯಿಳಿದು ಕುತ್ತಿಗೆ ನೆಟ್ಟಗಾದಂತಾಯಿತು. ಹವಳಗಳ ಕಡೆ ನೋಡಿದ. ಒಂದೂ ಸತ್ತಿರಲಿಲ್ಲ. ಗಲಿಬಿಲಿಗೆ ಮುದುಡಿದ್ದವು ಮೆಲ್ಲಮೆಲ್ಲನೆ ಅರಳುತ್ತಿದ್ದವು. ಮಗಳ ಮದುವೆಯನ್ನೇ ಉಳಿಸಿದ ತೊಟ್ಟಿ ಇದು! ಇನ್ನು ಇದನ್ನು ಬಚ್ಚಲಿಗೆ ಚೆಲ್ಲೆಂದು ಯಾರು ಹೇಳಿಯಾರು?

ಯಾರೂ ಹೇಳಲಿಲ್ಲ. ಜಲಜಾಕ್ಷಮ್ಮ ತೊಟ್ಟಿಗೆ ಕೈಮುಗಿದು ಇಷ್ಟೇ ಹೇಳಿದರು: "ಉಂಗುರದ ಹವಳ ಜೀವ ಇಲ್ಲದ್ದು. ಇದು ಜೀವ ಇರುವಂಥದ್ದು. ಹುಡುಗಿಯ ಜೊತೆ ಇದೂ ನಮ್ಮ ಮನೆಗೆ ಬರಬೇಕು. ಬೇರೆ ಏನೂ ನಾವು ಕೇಳುವುದಿಲ್ಲ."

"ಧಾರಾಳ ಕೊಂಡುಹೋಗಿ ಅಕ್ಕ!" ಎಂದಳು ಉಷಾಲತಾ. ಮಾತು ಮುಗಿಯುವ ತನಕ ಕಾಯುವ ತಾಳ್ಮೆಯೂ ಅವಳಿಗಿರಲಿಲ್ಲ.

"ಪಿಕಪ್ ನಾನು ತರ್ತೇನೆ" ಎಂದ ಹರ್ಬರ್ಟ್. "ಬಾಲ್ಕನಿಯ ಬಾಗಿಲಿನಿಂದ ಹಗ್ಗ ಕಟ್ಟಿ ಇಳಿಸುವ."

"ಆದರೆ ಮಾವ, ಇದನ್ನು ನೋಡಿಕೊಳ್ಳುವುದು ನಮಗೆ ಯಾರಿಗೂ ಗೊತ್ತಿಲ್ಲ" ಎಂದ ವಿಖ್ಯಾತ ಸಂಕೋಚದಿಂದ.

"ಅದಕ್ಕೆಂತ?" ಎಂದರು ಜಲಜಾಕ್ಷಮ್ಮ. "ಬೀಗರು ಪ್ರತೀ ಶುಕ್ರವಾರ ಬಂದು ನೀರು ಬದಲಿಸಿ ಹೋಗ್ತಾರೆ. ಬೆಳೆಸಿದ ಕೈಯೇ ಆಗಬೇಕು. ನಮ್ಮದು ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಅಭ್ಯಾಸವಾಗ್ತದೆ."

ಹೂ, ಹಣ್ಣು, ಕುಂಕುಮದ ಶಾಸ್ತ್ರಗಳು ಮುಗಿದವು. ಒದ್ದೆ ಸೀರೆಯಲ್ಲೇ ನಗುನಗುತ್ತ ಜಲಜಾಕ್ಷಮ್ಮ ಕಾರು ಹತ್ತಿದರು. ಬಾಗಿಲು ಹಾಕಿಕೊಳ್ಳಬೇಕೆಂದಿದ್ದ ಮಹಾಬಲನ ಮುಂದೆ ಚಂದ್ರಪ್ಪನವರು ಒಬ್ಬರೇ ಮೆಟ್ಟಿಲು ಹತ್ತಿ ಮರಳಿ ಬಂದರು. ಹಿಂದೆ ಮುಂದೆ ನೋಡಿ, ಕಿವಿಯ ಬಳಿಗೆ ಬಾಗಿದರು.

"ಭಾವ, ನನಗೀಗ ಏಳೂವರೆ ಶನಿ ನಡೀತಾ ಉಂಟು. ತೊಟ್ಟಿ ಹೋದ ಮೇಲೆ ಹೇಗೂ ಈ ಜಾಗ ಖಾಲಿ. ಇಲ್ಲಿ ನೀಲ ಬೆಳೆಸಲಿಕ್ಕೆ ಆಗ್ತದಾ?"

ಹುಡುಗಿಗೆ ದೋಷವಿಲ್ಲವೆಂದು ಮೂರು ಸಲ ಹೇಳಿ ನಂಬಿಸಲಾಗದವನು, ನೀಲಮಣಿ ನೀರಿನಲ್ಲಿ ಬೆಳೆಯುವುದಿಲ್ಲವೆಂದು ಹೇಳಿ ಯಾರನ್ನು ನಂಬಿಸಿಯಾನು?

"ನೋಡುವ" ಎಂದ ಮಹಾಬಲ.